ಬೀಜ ವಿನಿಮಯ ತಾಣದಲ್ಲಿ ‘ಸೋರೆಕಾಯಿ’ ಹುಡುಕಿದರೆ ಸಿಗದಿರುವ ಬಗ್ಗೆ

ನಮಸ್ಕಾರ ಮೇಡಂ. ನಿಮ್ಮ ಬಳಗದ ಬೀಜ ವಿನಿಮಯ ತಾಣದಲ್ಲಿ ಸೋರೆಕಾಯಿಯ 11 ತಳಿಗಳಿದ್ದರೂ ಹುಡುಕಿದಾಗ ನಾಲ್ಕು ಮಾತ್ರ ಬರುತ್ತವೆ, ಉಳಿದವು ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತಿದ್ದರೂ ಹುಡುಕಾಟಕ್ಕೆ ಸಿಗುವುದಿಲ್ಲ ಎಂದು ಬರೆದಿದ್ದೀರಿ. ಹುಡುಕಾಟದ ಕೋಡ್‌ಗೆ ಕೈ ಹಾಕುವ ಮೊದಲು ಡೇಟಾಬೇಸ್‌ನಲ್ಲಿರುವ ಪಠ್ಯವನ್ನು ಪರೀಕ್ಷಿಸಿ. ಹಳೆಯ ಪಟ್ಟಿ ನುಡಿ ಫಾಂಟ್‌ನಲ್ಲಿ ಬೆರಳಚ್ಚಾಗಿತ್ತು, ಅದನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ (ಪ್ರತಿ ಅಕ್ಷರ, ಚಿಹ್ನೆಗೂ ಒಂದು ಸಂಖ್ಯಾ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆ) ತಂದೆವು ಎಂದು ನೀವು ಹೇಳಿರುವುದರಲ್ಲೇ ಕಾರಣವಿದೆ ಎಂದು ನನಗೆ ತೋರುತ್ತದೆ.

ಯೂನಿಕೋಡ್‌ನಲ್ಲಿ ‘ಸೋ’ ಎಂಬುದನ್ನು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆಯಬಹುದು. ಈಗಿನ ಕೀಲಿಮಣೆಗಳಲ್ಲಿ ಟೈಪ್ ಮಾಡಿದರೆ ‘ಸ’ ಮತ್ತು ಓಕಾರದ ಚಿಹ್ನೆ ಸೇರಿ ಎರಡು ಸಂಕೇತಗಳು ದಾಖಲಾಗುತ್ತವೆ. ಹಳೆಯ ಫಾಂಟ್‌ಗಳಲ್ಲಿ ಕೊಂಬು, ದೀರ್ಘ ಎಲ್ಲವೂ ಬಿಡಿ ತುಂಡುಗಳಾಗಿದ್ದುದರಿಂದ ಕೆಲವು ಪರಿವರ್ತಕಗಳು ಎಕಾರ, ಊಕಾರದ ಕೊಂಬು ಮತ್ತು ದೀರ್ಘದ ಚಿಹ್ನೆಯನ್ನು ಒಂದರ ಹಿಂದೆ ಒಂದರಂತೆ ಬರೆದು, ಅದೇ ‘ಸೋ’ವನ್ನು ನಾಲ್ಕು ಸಂಕೇತಗಳನ್ನಾಗಿ ಮಾಡುತ್ತವೆ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಯಂತ್ರದ ಲೆಕ್ಕದಲ್ಲಿ ಅವು ಬೇರೆ ಬೇರೆ ಪದಗಳು. ಬ್ರೌಸರ್‌ನ ಕನ್ಸೋಲ್ (ಕೋಡ್ ಬರೆದು ಪರೀಕ್ಷಿಸುವ ಕಿಟಕಿ) ತೆರೆದು, ಸಿಗುವ ಸಾಲಿನ ‘ಸೋರೆಕಾಯಿ’ಯನ್ನೂ ಸಿಗದ ಸಾಲಿನದನ್ನೂ ಅಂಟಿಸಿ, ಎರಡರ ಉದ್ದ (ಸಂಕೇತಗಳ ಸಂಖ್ಯೆ) ಕೇಳಿ. ಮೊದಲನೆಯದು 8 ಎಂದೂ ಎರಡನೆಯದು 9 ಅಥವಾ 10 ಎಂದೂ ಬಂದರೆ ರೋಗ ಪತ್ತೆಯಾದಂತೆ.

ಪರಿಹಾರ ಕಷ್ಟದ್ದಲ್ಲ. ಜಾವಾಸ್ಕ್ರಿಪ್ಟ್‌ನ ನಾರ್ಮಲೈಸ್ ಫಂಕ್ಷನ್ ಬಳಸಿ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳನ್ನು ಕೂಡಿಸಿ ಬರೆಯುವ ಯೂನಿಕೋಡ್‌ನ ಪ್ರಮಾಣಿತ ರೂಪಕ್ಕೆ, ತಂದರೆ ಬಿಡಿ ತುಂಡುಗಳು ಕೂಡಿಕೊಳ್ಳುತ್ತವೆ. ಪಿಎಚ್‌ಪಿ, ಪೈಥಾನ್‌ಗಳಲ್ಲೂ ಇದಕ್ಕೆ ಸೌಲಭ್ಯವಿದೆ. ಆದರೆ ಹಳೆಯ ಸಾಲುಗಳನ್ನು ಒಮ್ಮೆ ಸರಿಪಡಿಸಿ ಸುಮ್ಮನಾದರೆ ಸಾಲದು; ಹೊಸ ನಮೂದು ಉಳಿಸುವಾಗ, ಕಡತದಿಂದ ಆಮದು ಮಾಡುವಾಗ ಮತ್ತು ಬಳಕೆದಾರರು ಹುಡುಕುವ ಪದವನ್ನು ಪಡೆಯುವಾಗ, ಈ ಮೂರೂ ಕಡೆ ಇದು ನಡೆಯಬೇಕು.

ಎನ್‌ಎಫ್‌ಸಿ ಮಾಡಿದರೂ ಉಳಿಯುವ ಇನ್ನೊಂದು ತೊಡಕಿದೆ. ‘ಬೀಟ್‌ರೂಟ್’ ಎಂದು ಬರೆಯುವಾಗ ‘ಟ್’ಗೆ ‘ರ’ ಒತ್ತಾಗಿ ಅಂಟಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಹಾಕುತ್ತೇವೆ. ಅದನ್ನು ಹಾಕದವರ ಬರಹದಲ್ಲಿ ಅದೇ ಪದ ‘ಬೀಟ್ರೂಟ್’ ಆಗುತ್ತದೆ. ಇಬ್ಬರು ಸದಸ್ಯರು ಎರಡು ರೀತಿ ಬರೆದಿದ್ದರೆ ಒಬ್ಬರ ಬೀಜ ಇನ್ನೊಬ್ಬರಿಗೆ ಸಿಗುವುದಿಲ್ಲ. ಆದ್ದರಿಂದ ತಳಿಯ ಹೆಸರಿಗೆ ಎರಡು ಕಾಲಂ ಇಡಿ ಎಂಬುದು ನನ್ನ ಖಚಿತ ಸಲಹೆ. ಒಂದರಲ್ಲಿ ಸದಸ್ಯರು ಬರೆದ ಹೆಸರು ಹಾಗೆಯೇ ಇರಲಿ, ಪುಟದಲ್ಲಿ ಅದನ್ನೇ ತೋರಿಸಿ. ಇನ್ನೊಂದು ಹುಡುಕಾಟಕ್ಕೆ ಮಾತ್ರ ಮೀಸಲಾಗಿದ್ದು, ಅದರಲ್ಲಿ ಈ ಅದೃಶ್ಯ ಸಂಕೇತಗಳನ್ನು ತೆಗೆದು, ಕನ್ನಡ ಅಂಕಿಗಳನ್ನು ಇಂಗ್ಲಿಷ್ ಅಂಕಿಗಳಿಗೆ ಬದಲಿಸಿ ಇಟ್ಟು, ಹುಡುಕುವ ಪದಕ್ಕೂ ಇದನ್ನೇ ಮಾಡಿದರೆ ‘ಇಂಡಾಫ್ ೯’ ಎಂದು ಹುಡುಕಿದವರಿಗೂ ‘ಇಂಡಾಫ್ 9’ ಎಂದು ಹುಡುಕಿದವರಿಗೂ ಅದೇ ರಾಗಿ ತಳಿ ಸಿಗುತ್ತದೆ.

ಅಕಾರಾದಿ ಪಟ್ಟಿಯಲ್ಲಿ ಬಳ್ಳಿ ಬೀನ್ಸ್ ಮೊದಲು ಬಂದು ಬಸಳೆ ಆಮೇಲೆ ಬರುತ್ತದೆ ಎಂಬ ನಿಮ್ಮ ಇನ್ನೊಂದು ದೂರು ಸರಿಯಾದದ್ದೇ. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಯದು; ಯೂನಿಕೋಡ್ ಕೋಷ್ಟಕದಲ್ಲಿ ಅದು ‘ಲ’ದ ಪಕ್ಕದಲ್ಲಿದೆ. ಬರಿಯ ಸಂಕೇತಗಳ ಕ್ರಮದಲ್ಲಿ ಜೋಡಿಸದೆ, ಕನ್ನಡದ ಲೊಕೇಲ್ (ಭಾಷೆಯ ಆಯ್ಕೆ) ಕೊಟ್ಟು ಜಾವಾಸ್ಕ್ರಿಪ್ಟ್‌ನ ಇಂಟಲ್ ಕೊಲೇಟರ್ ಎಂಬ ವಿಂಗಡಣೆಯ ಸೌಲಭ್ಯದ ಮೂಲಕ ಜೋಡಿಸಿ.

ಕಾರ್ಡ್‌ಗಳಲ್ಲಿ ಬೇಸಾಯದ ವಿವರವನ್ನು 100ಕ್ಕೆ ಕತ್ತರಿಸಿದಾಗ ಕೊನೆಯಲ್ಲಿ ಕಪ್ಪು ಚೌಕದೊಳಗಿನ ಪ್ರಶ್ನೆಚಿಹ್ನೆ ಕಾಣುವುದಕ್ಕೆ ಕಾರಣ, ಪಿಎಚ್‌ಪಿಯ ಸಾಮಾನ್ಯ ಸಬ್‌ಸ್ಟ್ರಿಂಗ್ ಫಂಕ್ಷನ್ ಅಕ್ಷರಗಳನ್ನಲ್ಲ, ಬೈಟ್‌ಗಳನ್ನು ಎಣಿಸುತ್ತದೆ ಮತ್ತು ಯೂನಿಕೋಡ್ ಪಠ್ಯವನ್ನು ಉಳಿಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಸಂಕೇತಗಳನ್ನು ಎಣಿಸುವ ಬಹುಬೈಟ್ ಫಂಕ್ಷನ್‌ಗೆ ಬದಲಿಸಿದರೆ ಚಿಹ್ನೆ ಹೋಗುತ್ತದೆ, ಆದರೆ ‘ಹತ್ತಿ’ಯು ‘ಹತ್’ ಎಂದು ನಿಲ್ಲುವುದು ತಪ್ಪುವುದಿಲ್ಲ. ಮಿತಿಯೊಳಗಿನ ಕೊನೆಯ ಖಾಲಿ ಜಾಗಕ್ಕೆ ಕತ್ತರಿಸುವುದೇ ಕ್ಷೇಮ. ಅದೇ ಕಾರ್ಡ್‌ಗಳಲ್ಲಿ ‘ಕೊತ್ತಂಬರಿ’ಯ ಒತ್ತಕ್ಷರದ ಕೆಳಭಾಗ ಕೊಯ್ದು ಹೋಗುತ್ತಿದ್ದರೆ ಸಾಲಿನ ಎತ್ತರವನ್ನು 1.6ಕ್ಕೆ ಏರಿಸಿ ನೋಡಿ.

ಇದಾವುದನ್ನೂ ಬ್ಯಾಕಪ್ ಇಲ್ಲದೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ತಾಣವನ್ನು ಹೊಸ ಸರ್ವರ್‌ಗೆ ಸಾಗಿಸುವಾಗ, ಡೇಟಾಬೇಸ್ ಸಂಪರ್ಕದ ಅಕ್ಷರ ಸಂಕೇತ ಕನ್ನಡವನ್ನು ಹಿಡಿಯಲಾರದ ಲ್ಯಾಟಿನ್-1 ಎಂದಿದ್ದುದನ್ನು ಗಮನಿಸದೆ ನಾನು ವಿವರಗಳ ಕಾಲಂ ಅನ್ನು ಮತ್ತೆ ಉಳಿಸಿದೆ. ಕನ್ನಡವೆಲ್ಲ ಸಾಲು ಸಾಲು ಪ್ರಶ್ನೆಚಿಹ್ನೆಗಳಾಯಿತು. ಹಾಗೆ ಉಳಿದ ಪ್ರಶ್ನೆಚಿಹ್ನೆಯಿಂದ ಮೂಲ ಅಕ್ಷರವನ್ನು ಮರಳಿ ಪಡೆಯುವ ದಾರಿಯಿಲ್ಲ, ಹಳೆಯ ಪ್ರತಿಯೂ ಇರಲಿಲ್ಲ. ಹಿರಿಯರೊಬ್ಬರು ತಿಂಗಳುಗಟ್ಟಲೆ ಕುಳಿತು ಬರೆದಿದ್ದ ಟಿಪ್ಪಣಿಗಳು ಹೋದವು. ನಿಮ್ಮದು ಮೈಎಸ್‌ಕ್ಯೂಎಲ್ ಆಗಿರುವುದರಿಂದ ಕೋಷ್ಟಕ ಮತ್ತು ಸಂಪರ್ಕ ಎರಡೂ ಯುಟಿಎಫ್8ಎಂಬಿ4 (ಅದರಲ್ಲಿ ಪೂರ್ಣ ಯುಟಿಎಫ್-8ರ ಹೆಸರು) ಆಗಿವೆಯೇ ಎಂದು ಇಂದೇ ನೋಡಿ.

ಸಿಗದ ಸಾಲುಗಳ ಪೈಕಿ ಹತ್ತನ್ನು, ಬೀಜ ಕೊಟ್ಟವರ ಹೆಸರು ಮತ್ತು ಫೋನ್ ಸಂಖ್ಯೆ ತೆಗೆದು, ಇಲ್ಲಿ ಕಡತವಾಗಿ ಹಾಕಿದರೆ ಪರಿವರ್ತಕ ಎಲ್ಲೆಲ್ಲಿ ತುಂಡು ಮಾಡಿದೆ ಎಂದು ನೋಡಿ ತಿಳಿಸುತ್ತೇನೆ. ಎಕ್ಸೆಲ್‌ನಿಂದ ಉಳಿಸುವಾಗ ಸಾಮಾನ್ಯ ಸಿಎಸ್‌ವಿ ಬೇಡ, ‘ಸಿಎಸ್‌ವಿ ಯುಟಿಎಫ್-8’ ಆಯ್ಕೆಯನ್ನೇ ಬಳಸಿ.