ಮಗನಿಗೆ ಕನ್ಸೆಂಟ್ ಕ್ಲಾಸ್ ಯಾಕ್ರಿ?

ಪ್ರಶ್ನೆ: ನನ್ ಮಗ ಎಂಎಸ್ಸಿ ಮಾಡಾಕ ಇಂಗ್ಲೆಂಡಿಗೆ ಹೊಂಟಾನ. ಅಲ್ಲಿ ಯೂನಿವರ್ಸಿಟಿಯೋರು ಕನ್ಸೆಂಟ್ (ಒಪ್ಪಿಗೆ), ರಿಲೇಶನ್‌ಶಿಪ್ ಅಂತ ಆನ್‌ಲೈನ್ ಕೋರ್ಸ್ ಕಳಿಸ್ಯಾರ. ಹಳ್ಳಿ ಹುಡುಗ ಅಂತ ಸಂಶಯನಾ?
- ಒಬ್ಬ ತಾಯಿ, ಸಿಂಧನೂರು

ಉತ್ತರ: ಸಂಶಯ ಅಲ್ರಿ ಅಕ್ಕಾರ, ಅಲ್ಲಿನ ಹುಡುಗರಿಗೂ ಅದ ಕೋರ್ಸ್ ಐತಿ, 2025ರ ಆಗಸ್ಟ್‌ನಿಂದ ಇಂಗ್ಲೆಂಡ್ ಯೂನಿವರ್ಸಿಟಿಗಳು ಇಂಥ ಟ್ರೇನಿಂಗ್ ಕೊಡಬೇಕು ಅಂತ ರೂಲ್ಸೇ ಬಂದೈತಿ. ಅಲ್ಲಿನ 2003ರ ಲೈಂಗಿಕ ಅಪರಾಧಗಳ ಕಾಯ್ದೆ ಪ್ರಕಾರ ಒಪ್ಪಿಗೆ ಅಂದ್ರ ಸ್ವಂತ ಇಷ್ಟದಿಂದ ಒಪ್ಪೋದು, ಒಪ್ಪೋ ಸ್ವಾತಂತ್ರ್ಯಾನೂ ಇರಬೇಕು ತಿಳುವಳಿಕೆ ಶಕ್ತೀನೂ ಇರಬೇಕು, ಕುಡಿದು ಎಚ್ಚರ ಇಲ್ದಾಕಿ ಹೂಂ ಅಂದ್ರೂ ಅದು ಲೆಕ್ಕಕ್ಕಿಲ್ಲ. ನಮ್ಮಲ್ಲೂ 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಇದನ್ನ ಹೇಳ್ತೈತಿ, ಹುಡುಗಿ ತಿರುಗಿ ಬೀಳಲಿಲ್ಲ ಅಂದ ಮಾತ್ರಕ್ಕ ಒಪ್ಪಿದಂಗಲ್ಲ.

ತೊಡಕು ಎಲ್ಲಿ ಅಂದ್ರ, ನಮ್ ಕಡೆ ಊಟಕ್ಕ ಕುಂತೋರು ಸಾಕು ಸಾಕು ಅಂದ್ರೂ ಇನ್ನೊಂದು ರೊಟ್ಟಿ ಹಾಕೇ ಬಿಡ್ತೀವಿ, ಅದು ಪ್ರೀತಿ, ಆದ್ರ ಅದೇ ಚಾಳಿ ಹುಡುಗಿ ಹತ್ರ ತೋರಿಸಿದ್ರ, ಬ್ಯಾಡ ಅಂದ್ಮ್ಯಾಲೂ ಹತ್ತು ಸಲ ಮೆಸೇಜ್ ಹಾಕಿದ್ರ, ಅದು ಕಿರುಕುಳ. (ಸಿನಿಮಾ ಹೀರೋಗಳು ಹಾಳು ಮಾಡ್ಯಾರ ಬಿಡ್ರಿ.) ನಿನ್ನೆ ಒಪ್ಪಿದಾಕಿ ಇವತ್ತು ಬ್ಯಾಡ ಅನ್ನಬಹುದು.

ಮಗನೂ ಇಂಥ ಕಿರುಕುಳಕ್ಕ ಸಿಕ್ಕಿಬೀಳಬಹುದು, ಅದನ್ನೂ ಹೇಳ್ರಿ. ಫೋನ್ ಪಾಸ್‌ವರ್ಡ್ ಕೇಳೋದು, ದೋಸ್ತರನ್ನ ಬಿಡಿಸೋದು, ವೀಸಾ ಕ್ಯಾನ್ಸಲ್ ಮಾಡಿಸ್ತೀನಿ ಅಂತ ಹೆದರಿಸೋದು ಪ್ರೀತಿ ಅಲ್ಲ. ವೀಸಾ ರದ್ದು ಮಾಡೋದು ಅಲ್ಲಿನ ಸರ್ಕಾರದ ಕೈಯಾಗೈತಿ, ಗರ್ಲ್‌ಫ್ರೆಂಡ್ ಕೈಯಾಗಲ್ಲ. ಹೊಂಡೋ ಮೊದ್ಲು ಕೋರ್ಸ್ ನೀವೂ ಜೊತೆ ಕುಂತು ನೋಡ್ರಿ, ಅಪ್ಪನ್ನೂ ಕುಂದ್ರಿಸ್ರಿ.