ಎರಡೂವರೆ ವರ್ಷದ ಕೂಸಿಗೆ ಕಂಪ್ಯೂಟರ್: ಮೌಸ್ ಮೊದಲೋ, ಕೀಬೋರ್ಡ್ ಮೊದಲೋ?

ಕೀಬೋರ್ಡೇ ಮೊದಲು; ಮೌಸ್ ಬಿಚ್ಚಿ ತೆಗೆದಿಡಿ. ಮೌಸನ್ನು ಮೇಜಿನ ಮೇಲೆ ಮುಂದೆ ತಳ್ಳಿದರೆ ಪರದೆಯಲ್ಲಿ ಬಾಣ ಮೇಲಕ್ಕೇರುತ್ತದೆ. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಇದನ್ನು ಹೊಂದಿಸುವುದು ಆ ವಯಸ್ಸಿಗೆ ಕಷ್ಟ. ಕೀಲಿಗೆ ಆ ತೊಡಕಿಲ್ಲ, ಒತ್ತಿದರೆ ಅಕ್ಷರ ಬಂತು.

ನೋಟ್‌ಪ್ಯಾಡ್ ತೆರೆದು ಕನ್ನಡ ಕೀಬೋರ್ಡ್ ಆರಿಸಿ, ಅಕ್ಷರದ ಗಾತ್ರ 72 ಮಾಡಿ. ಕೂಸು ಬೆರಳು ಎತ್ತುವುದಿಲ್ಲ, ‘ಕಕಕಕಕ’ ಎಂದು ಸಾಲು ತುಂಬುತ್ತದೆ. ತುಂಬಲಿ, ಅದಕ್ಕೆ ಅದೇ ಮಜಾ. ಶಿಫ್ಟ್ ಕೀಲಿಯನ್ನು ಐದು ಸಲ ಕುಟ್ಟಿದರೆ ಮಾತ್ರ ವಿಂಡೋಸ್‌ನಲ್ಲಿ ‘ಸ್ಟಿಕಿ ಕೀಸ್’ (ಜೊತೆಯಾಗಿ ಒತ್ತಬೇಕಾದ ಕೀಲಿಗಳನ್ನು ಒಂದೊಂದಾಗಿ ಒತ್ತುವ ಸೌಲಭ್ಯ) ಬೇಕೇ ಎಂಬ ಪ್ರಶ್ನೆ ಎದ್ದು ಬರುತ್ತದೆ; ಸೆಟ್ಟಿಂಗ್ಸ್‌ನಲ್ಲಿ ಆ ಶಾರ್ಟ್‌ಕಟ್ ಮೊದಲೇ ಆಫ್ ಮಾಡಿ.

ತೊಡೆಯ ಮೇಲೆ ಕೂರಿಸಿಕೊಂಡು ಹತ್ತು ನಿಮಿಷ ಸಾಕು. ಟಿವಿ, ಮೊಬೈಲ್ ಸೇರಿ ದಿನಕ್ಕೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಹುಬ್ಬಳ್ಳಿಯ ಮನೆಯೆಂದರೆ ಸಂಜೆಗೆ ಚುರಮರಿ (ಮಂಡಕ್ಕಿ) ಕಲಸಿದ ಗಿರ್ಮಿಟ್ ಇದ್ದೇ ಇರುತ್ತದೆ. ಕೈ ತೊಳೆಸಿಯೇ ಕೂರಿಸಿ. ಸಂದಿಗೆ ಬಿದ್ದ ಚುರಮರಿ ಕೀಲಿಯನ್ನು ಕೆಳಗಿಳಿಯಲು ಬಿಡುವುದಿಲ್ಲ.