ಹಾಲುಹಲ್ಲು ಬಿದ್ದಿಲ್ಲ, ಹಿಂದೆ ಹೊಸ ಹಲ್ಲು ಬಂದಿದೆ. ಕೀಳಿಸಬೇಕಾ?

ಆರು ವರ್ಷದ ಮಗಳ ಕೆಳಗಿನ ಮುಂದಿನ ಹಲ್ಲು ಇನ್ನೂ ಬಿದ್ದಿಲ್ಲ, ಅದರ ಹಿಂದೆಯೇ ಹೊಸದು ಮೂಡಿದೆ, ಕೀಳಿಸಬೇಕಾ ಅಂತ ಕೇಳಿದ್ದೀರಿ. ಹಳೇ ಹಲ್ಲು ಅಲ್ಲಾಡುತ್ತಿದೆಯಾ, ಬೆರಳಿಟ್ಟು ನೋಡಿ. ಅಲ್ಲಾಡುತ್ತಿದ್ದರೆ ಸದ್ಯಕ್ಕೆ ಸುಮ್ನೆ ಬಿಡಿ.

ನನ್ನ ಮಗನಿಗೂ ಒಂದನೇ ಕ್ಲಾಸಿನಲ್ಲಿ ಹೀಗೇ ಆಗಿತ್ತು. ಹಲ್ಲುಜ್ಜಿಸುವಾಗ ನಾಲಿಗೆ ಎತ್ತಿಸಿದರೆ, ಹಾಲುಹಲ್ಲಿನ ಬೆನ್ನಿಗೆ ಅಕ್ಕಿಕಾಳಿನಷ್ಟು ತುದಿ, ಅಂಚಿನಲ್ಲಿ ಗರಗಸದ ಹಾಗೆ ಕಚ್ಚು ಕಚ್ಚು. ನಮ್ಮತ್ತೆ, ಮಗುವಿಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಲ್ಲ ಅನ್ನುವ ಕಾಲದವರು. ಇದನ್ನು ನೋಡಿ ಬಿಡ್ತಾರಾ? ಅವತ್ತೇ ಡೆಂಟಿಸ್ಟ್ ಹತ್ತಿರ ಹೊರಡಿಸಿದರು.

ಡಾಕ್ಟರು ನಕ್ಕರು. ಸಾಮಾನ್ಯವಾಗಿ ಹೊಸ ಹಲ್ಲು ಮೇಲೇಳುತ್ತಿದ್ದ ಹಾಗೆ ಹಾಲುಹಲ್ಲಿನ ಬೇರು ಕರಗುತ್ತಾ ಹೋಗುತ್ತದಂತೆ. ಬಿದ್ದ ಹಲ್ಲನ್ನು ತಿರುಗಿಸಿ ನೋಡಿ, ಬೇರೇ ಇರುವುದಿಲ್ಲ, ಬರೀ ಟೋಪಿ. ಕೆಳಗಿನ ಮುಂದಿನ ಹಲ್ಲು ಹುಟ್ಟುವುದು ನಾಲಿಗೆ ಕಡೆ. ಅದು ಸ್ವಲ್ಪ ಹಿಂದಿನಿಂದಲೇ ಎದ್ದುಬಿಟ್ಟರೆ ಹಳೆಯದರ ಬೇರು ಪೂರ್ತಿ ಕರಗುವುದಿಲ್ಲ, ಅದು ಜಾಗ ಬಿಡುವುದಿಲ್ಲ. ಬಿದ್ದ ಮೇಲೆ, ಜಾಗ ಇದ್ದರೆ, ನಾಲಿಗೆಯೇ ಹೊಸದನ್ನು ಮುಂದಕ್ಕೆ ತಳ್ಳುತ್ತದೆ. ದಾರ ಕಟ್ಟಿ ಎಳೆಯಬೇಡಿ. ಸೀಬೆಕಾಯಿ ಕಚ್ಚಲು ಕೊಡಿ. ಎರಡು ತಿಂಗಳಾದರೂ ಬೀಳದಿದ್ದರೆ, ಅಥವಾ ಒಂದು ಚೂರೂ ಅಲ್ಲಾಡುತ್ತಿಲ್ಲ ಅನಿಸಿದರೆ, ಆಗ ತೋರಿಸಿ.

ಇವನದು ಹದಿನೈದು ದಿನಕ್ಕೆ ಬಿತ್ತು. ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯಬೇಕು ಅಂದರು ಅತ್ತೆ. ಅಪಾರ್ಟ್‌ಮೆಂಟಿನಲ್ಲಿ ಸಗಣಿ ಎಲ್ಲಿ, ಹೆಂಚೆಲ್ಲಿ? ಕೊನೆಗೆ ವಾಚ್‌ಮನ್ ರೂಮಿನ ಶೀಟಿನ ಮೇಲೆ ಎಸೆದ. ಟಣ್ ಅಂತು. ಹೊಸ ಹಲ್ಲು ಹಳದಿ ಕಾಣುತ್ತದೆ ಅಂತ ಆಮೇಲೆ ಇನ್ನೊಂದು ಚಿಂತೆ ಶುರುವಾಯಿತು. ಹಾಲುಹಲ್ಲು ಜಾಸ್ತಿ ಬೆಳ್ಳಗಿರುತ್ತದೆ, ಪಕ್ಕದಲ್ಲಿ ಹಾಗೆ ಕಾಣುತ್ತದೆ, ಅಷ್ಟೇ.

ನೀವು ಕೇಳದೇ ಇರುವ ಒಂದು ವಿಷಯ ಹೇಳುತ್ತೇನೆ, ನಾನು ಎಡವಿದ್ದು ಅಲ್ಲೇ. ಇದೇ ಆರರ ಸುಮಾರಿಗೆ ಎಲ್ಲಕ್ಕಿಂತ ಹಿಂದೆ, ಮೇಲೆ ಎರಡು ಕೆಳಗೆ ಎರಡು, ಒಟ್ಟು ನಾಲ್ಕು ದವಡೆಹಲ್ಲು ಬರುತ್ತವೆ. ಇವುಗಳಿಗಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ. ದೊಡ್ಡ ಮಗಳಿಗೆ ಎಂಟಾದಾಗ ಅಲ್ಲಿ ಕಪ್ಪು ಚುಕ್ಕೆ ಕಂಡಿತ್ತು. "ಹಾಲುಹಲ್ಲು ತಾನೆ, ಹೆಂಗೂ ಬೀಳುತ್ತೆ" ಅಂತ ನಾನೇ ಬಿಟ್ಟೆ. ಒಂದು ರಾತ್ರಿ ಕೆನ್ನೆ ಊದಿ ಅಳಲು ಶುರು ಮಾಡಿದಳು. ಅದು ಜೀವನಪೂರ್ತಿ ಇರಬೇಕಾದ ಹಲ್ಲು, ಇನ್ನೊಂದು ಬರಲ್ಲ ಅಂತ ತಿಳಿದಿದ್ದು ಆಸ್ಪತ್ರೆಯ ಕುರ್ಚಿಯ ಪಕ್ಕ ನಿಂತಾಗ.

ಗುರುತಿಸುವುದು ಸುಲಭ. ಹಾಲುಹಲ್ಲು ಒಟ್ಟು 20, ಅಂದರೆ ಮೇಲೂ ಕೆಳಗೂ ಬಾಯಿಯ ಮಧ್ಯದಿಂದ ಒಂದೊಂದು ಕಡೆಗೆ ಐದೈದು. ಆರನೆಯದು ಕಂಡರೆ ಅದು ಶಾಶ್ವತ ಹಲ್ಲು. ಅದರ ಮೇಲ್ಮೈಯಲ್ಲಿ ಆಳವಾದ ಗೆರೆಗಳಿರುತ್ತವೆ, ಬಿಸ್ಕತ್ತು ಅಲ್ಲೇ ಮೆತ್ತಿಕೊಳ್ಳುತ್ತದೆ. ಬ್ರಷ್ ಅಲ್ಲಿಗೆ ಮುಟ್ಟುವುದೇ ಕಷ್ಟ. ಆ ಗೆರೆ ಮುಚ್ಚುವ ಸೀಲೆಂಟ್ ಅಂತ ಒಂದು ಲೇಪ ಹಾಕುತ್ತಾರೆ, ಡೆಂಟಿಸ್ಟ್ ಹತ್ತಿರ ಹೋದರೆ ಅದನ್ನೂ ಕೇಳಿ. ಮಗನಿಗೆ ಹಾಕಿಸಿದೆ.

ಇವತ್ತು ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಒಮ್ಮೆ ಎಣಿಸಿ ನೋಡಿ. ಬಿದ್ದ ಹಲ್ಲಿನ ಖಾಲಿ ಜಾಗವನ್ನೂ ಲೆಕ್ಕಕ್ಕೆ ಹಿಡಿಯಿರಿ.